ಬ್ರೂಕ್ಲಿನ್ ಕಳೆದುಕೊಂಡ ಮೈದಾನ

ಬೇಸ್‌ಬಾಲ್ ನಮ್ಮವರ ಆಟವಲ್ಲ. ಕ್ರಿಕೆಟಿನ ರನ್ನು, ವಿಕೆಟ್ಟುಗಳನ್ನು ಬಾಯಿಪಾಠ ಒಪ್ಪಿಸುವ ನಮ್ಮ ಹುಡುಗರಿಗೂ ಅದರ ನಿಯಮಗಳು ಸರಿಯಾಗಿ ಗೊತ್ತಿರುವುದಿಲ್ಲ. ಆದರೆ ಮಾಲ್ಕಂ ಎಕ್ಸ್‌ರ ಆತ್ಮಕಥೆ ಓದಿದವರಿಗೆ ಅದರಲ್ಲಿ ಬರುವ ಒಂದು ಸಣ್ಣ ಸಂಗತಿ ನೆನಪಿರಬಹುದು. 1947ರಲ್ಲಿ ಅವರು ಜೈಲಿನಲ್ಲಿದ್ದ ಕೈದಿ. ಇಸ್ಲಾಮಿನ ಕಡೆಗೆ ಇನ್ನೂ ಹೊರಳಿರಲಿಲ್ಲ. ಜಾಕಿ ರಾಬಿನ್ಸನ್ ಆಡುವ ದಿನ ಅವರು ರೇಡಿಯೋಗೆ ಕಿವಿಯಂಟಿಸಿ ಕೂರುತ್ತಿದ್ದರು. ಪಂದ್ಯ ಮುಗಿದಾಗಲೆಲ್ಲ ರಾಬಿನ್ಸನ್‌ರ ಸರಾಸರಿಯನ್ನು ತಾವೇ ಲೆಕ್ಕ ಹಾಕುತ್ತಿದ್ದರು. ಸೆರೆಮನೆಯ ಗೋಡೆಯೊಳಗಿನ ಒಬ್ಬ ಕಪ್ಪು ಯುವಕನನ್ನು ಹೀಗೆ ಹಿಡಿದಿಟ್ಟ ಆಟಗಾರನ ತವರು ಮೈದಾನದ ಹೆಸರು ಎಬೆಟ್ಸ್ ಫೀಲ್ಡ್. ಅದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿತ್ತು. 1960ರಲ್ಲಿ ಅದನ್ನು ಕೆಡವಿದರು.

ಅದು ಹುಟ್ಟಿದ ಜಾಗಕ್ಕೆ ಜನ ಇಟ್ಟಿದ್ದ ಹೆಸರು ‘ಪಿಗ್‌ಟೌನ್’, ಅಂದರೆ ಹಂದಿಗಳ ಊರು. ಬಡವರ ಜೋಪಡಿಗಳು, ಕಸ ಸುರಿಯುವ ಹೊಂಡ, ಅದನ್ನು ಮೇಯಲು ಬರುವ ಹಂದಿಗಳು. ಬ್ರೂಕ್ಲಿನ್ ತಂಡದ ಒಡೆಯ ಚಾರ್ಲ್ಸ್ ಎಬೆಟ್ಸ್ 1908ರಿಂದ ಈ ನೆಲವನ್ನು ತುಂಡು ತುಂಡಾಗಿ ಕೊಳ್ಳತೊಡಗಿದ. ತನ್ನ ಹೆಸರು ಬಯಲಾದರೆ ಬೆಲೆ ಏರುತ್ತದೆಂದು ಬೇರೊಂದು ಕಂಪನಿಯ ಹೆಸರಿನಲ್ಲಿ ಖರೀದಿ ನಡೆಸಿದ. ಕಟ್ಟಡಕ್ಕೆ ಹಣ ಸಾಲದೆ ತಂಡದ ಅರ್ಧ ಪಾಲನ್ನು ಮೆಕೀವರ್ ಎಂಬ ಗುತ್ತಿಗೆದಾರ ಸಹೋದರರಿಗೆ ಮಾರಬೇಕಾಯಿತು. 1913ರ ಏಪ್ರಿಲ್‌ನಲ್ಲಿ ಮೈದಾನ ತೆರೆಯಿತು. ಪ್ರವೇಶದ್ವಾರದಲ್ಲಿ ಅಮೃತಶಿಲೆಯ ನೆಲದ ದುಂಡನೆಯ ಹಜಾರ. ಅದರ ಮೇಲೆ ಬ್ಯಾಟು, ಚೆಂಡುಗಳ ಆಕಾರದ ತೂಗುದೀಪ. ಇಷ್ಟೆಲ್ಲ ವೈಭವ ಮಾಡಿದವರು ಪತ್ರಕರ್ತರು ಕೂರಲು ಒಂದು ಜಾಗ ಮಾಡುವುದನ್ನು ಮಾತ್ರ ಮರೆತಿದ್ದರಂತೆ!

ತಂಡದ ಹೆಸರು ಡಾಡ್ಜರ್ಸ್. ಬ್ರೂಕ್ಲಿನ್ನಿನ ಬೀದಿಗಳಲ್ಲಿ ಟ್ರಾಮುಗಳಿಗೆ ಸಿಗದಂತೆ ತಪ್ಪಿಸಿಕೊಂಡು ಓಡಾಡುವವರು ಎಂಬ ಹಾಸ್ಯದಿಂದ ಬಂದ ಹೆಸರದು. ಮೈದಾನ ಚಿಕ್ಕದು, ವಿಸ್ತರಿಸಿದ ಮೇಲೂ ಸುಮಾರು 32 ಸಾವಿರ ಮಂದಿಗಷ್ಟೇ ಜಾಗ. ಪ್ರೇಕ್ಷಕರ ಬೈಗುಳ ಆಟಗಾರರಿಗೆ ಸ್ಪಷ್ಟವಾಗಿ ಕೇಳುವಷ್ಟು ಹತ್ತಿರ. ಹಿಲ್ಡಾ ಚೆಸ್ಟರ್ ಎಂಬ ಮಹಿಳೆ ದನದ ಕೊರಳ ಗಂಟೆ ಬಾರಿಸುತ್ತ ಕೂಗುತ್ತಿದ್ದಳು. ಅಬೆ ಸ್ಟಾರ್ಕ್ ಎಂಬ ಬಟ್ಟೆ ವ್ಯಾಪಾರಿ ಸ್ಕೋರ್‌ಬೋರ್ಡಿನ ಕೆಳಗೆ ಫಲಕವೊಂದನ್ನು ಹಾಕಿಸಿದ್ದ. ಚೆಂಡು ಅದಕ್ಕೆ ತಾಗಿಸಿದವನಿಗೆ ಒಂದು ಸೂಟು ಉಚಿತ. 1939ರ ಆಗಸ್ಟ್ 26ರಂದು ದೊಡ್ಡ ಲೀಗ್‌ನ ಪಂದ್ಯವೊಂದು ಮೊತ್ತಮೊದಲ ಬಾರಿಗೆ ಟೆಲಿವಿಷನ್‌ನಲ್ಲಿ ಪ್ರಸಾರವಾದದ್ದೂ ಇಲ್ಲಿಂದಲೇ. ಇಟಲಿಯವರು, ಯಹೂದಿಗಳು, ಐರಿಷರು, ಕಪ್ಪು ಜನ, ಹೀಗೆ ನೂರೆಂಟು ಕಡೆಯಿಂದ ಬಂದು ಬೇರೆ ಬೇರೆ ಬೀದಿಗಳಲ್ಲಿ ಬದುಕುತ್ತಿದ್ದವರು ಒಂದೇ ಕಡೆ ಕೂತು ಒಂದೇ ತಂಡಕ್ಕಾಗಿ ಕೂಗುತ್ತಿದ್ದ ತಾಣವದು.

ಆದರೆ ಈ ಸೌಹಾರ್ದ ಕೂರುವ ಆಸನಗಳಲ್ಲಿ ಮಾತ್ರವಿತ್ತು, ಆಟದ ಅಂಗಳದಲ್ಲಿ ಇರಲಿಲ್ಲ ಎಂಬುದನ್ನು ಮರೆಯಬಾರದು. 1884ರಲ್ಲಿ ಟೊಲೆಡೊ ತಂಡದಲ್ಲಿ ಮೋಸೆಸ್ ಫ್ಲೀಟ್‌ವುಡ್ ವಾಕರ್ ಆಡಿದ ನಂತರ ಆರು ದಶಕಗಳ ಕಾಲ ದೊಡ್ಡ ಲೀಗ್‌ಗಳಲ್ಲಿ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ. ನಿಷೇಧಕ್ಕೆ ಲಿಖಿತ ನಿಯಮವೇನೂ ಇರಲಿಲ್ಲ. ಒಡೆಯರ ನಡುವೆ ಬಾಯಿಮಾತಿನ ಒಪ್ಪಂದ, ಅಷ್ಟೆ. ಬರೆದಿಡದ ಕಾನೂನನ್ನು ರದ್ದು ಮಾಡುವುದು ಎಷ್ಟು ಕಷ್ಟವೆಂಬುದನ್ನು ನಮ್ಮ ದೇಶದವರಿಗೆ ಬಿಡಿಸಿ ಹೇಳಬೇಕಿಲ್ಲ. 1935ರಲ್ಲಿ ಬ್ರೂಕ್ಲಿನ್ ಈಗಲ್ಸ್ ಎಂಬ ಕಪ್ಪು ಆಟಗಾರರ ತಂಡ ಇದೇ ಮೈದಾನದಲ್ಲಿ ಆಡಿತು. ಕಪ್ಪು ಜನರ ಬಾಡಿಗೆ ಹಣಕ್ಕೆ ಮೈಲಿಗೆ ಇರಲಿಲ್ಲ!

1945ರ ಆಗಸ್ಟ್‌ನಲ್ಲಿ ಡಾಡ್ಜರ್ಸ್‌ನ ಮುಖ್ಯಸ್ಥ ಬ್ರಾಂಚ್ ರಿಕಿ, ಜಾಕಿ ರಾಬಿನ್ಸನ್‌ರನ್ನು ಕರೆಸಿ ಮಾತಾಡಿದ. ಬೈದರೂ ಹೊಡೆದರೂ ತಿರುಗಿ ಕೈ ಎತ್ತದಿರುವ ಧೈರ್ಯ ಬೇಕು ಎಂಬುದು ರಿಕಿಯ ಷರತ್ತಾಗಿತ್ತು. ಒಂದು ವರ್ಷ ಮಾಂಟ್ರಿಯಲ್‌ನಲ್ಲಿ ಆಡಿದ ಮೇಲೆ, 1947ರ ಏಪ್ರಿಲ್ 15ರಂದು ರಾಬಿನ್ಸನ್ ಎಬೆಟ್ಸ್ ಫೀಲ್ಡ್‌ನಲ್ಲಿ ಕಣಕ್ಕಿಳಿದರು. ಅಂದು ಬಂದಿದ್ದ 25 ಸಾವಿರಕ್ಕೂ ಹೆಚ್ಚು ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಪ್ಪು ವರ್ಣೀಯರೆಂದು ಅಂದಾಜು. ಅಷ್ಟಾದರೂ ಸಾವಿರಾರು ಆಸನಗಳು ಖಾಲಿಯಿದ್ದವು. ಇಂದು ಅಮೆರಿಕ ಹಬ್ಬವಾಗಿ ಆಚರಿಸುವ ದಿನಕ್ಕೆ ಅಂದು ಟಿಕೆಟ್ ಪೂರ್ತಿ ಮಾರಾಟವಾಗಿರಲಿಲ್ಲ. ಒಂದು ವಾರದ ನಂತರ, ಏಪ್ರಿಲ್ 22ರಂದು, ಇದೇ ಮೈದಾನದಲ್ಲಿ ಫಿಲಡೆಲ್ಫಿಯಾ ತಂಡದ ಮ್ಯಾನೇಜರ್ ಬೆನ್ ಚಾಪ್‌ಮನ್ ಮತ್ತವನ ಆಟಗಾರರು ರಾಬಿನ್ಸನ್‌ರ ಬಣ್ಣವನ್ನು ಹಿಡಿದು ಹೀನಾಯವಾಗಿ ನಿಂದಿಸಿದರು. ರಾಬಿನ್ಸನ್ ಹಲ್ಲುಕಚ್ಚಿ ಸಹಿಸಿದರು. ಕೊನೆಗೆ ಎದುರು ಮಾತಾಡಿದ್ದು ಅವರದೇ ತಂಡದ ಬಿಳಿಯ ಆಟಗಾರ ಎಡ್ಡಿ ಸ್ಟ್ಯಾಂಕಿ. ಆ ವರ್ಷದ ಶ್ರೇಷ್ಠ ಹೊಸ ಆಟಗಾರನ ಪ್ರಶಸ್ತಿ ರಾಬಿನ್ಸನ್‌ರಿಗೇ ಬಂತು.

ರಿಕಿಯ ಮನಸ್ಸಿನಲ್ಲಿ ನ್ಯಾಯಪ್ರಜ್ಞೆಯೂ ಇತ್ತು, ವ್ಯಾಪಾರವೂ ಇತ್ತು. ರಾಬಿನ್ಸನ್ ಆಡುತ್ತಿದ್ದ ಕಾನ್ಸಾಸ್ ಸಿಟಿ ಮೊನಾರ್ಕ್ಸ್ ತಂಡಕ್ಕೆ ಅವನು ಒಂದು ಡಾಲರ್ ಪರಿಹಾರವನ್ನೂ ಕೊಡಲಿಲ್ಲ. ಪ್ರೇಕ್ಷಕರೂ ಆಟಗಾರರೂ ದೊಡ್ಡ ಲೀಗ್‌ಗೆ ಹೋದಂತೆ ಕಪ್ಪು ಜನರೇ ಕಟ್ಟಿಕೊಂಡಿದ್ದ ಲೀಗ್‌ಗಳು ಸೊರಗಿ ನಿಂತುಹೋದವು. ಬಾಗಿಲು ತೆರೆದದ್ದು ದೊಡ್ಡದೇ. ಆದರೆ ಅದರ ಬೆಲೆ ತೆತ್ತವರ ಹೆಸರು ಉತ್ಸವಗಳಲ್ಲಿ ಕೇಳಿಬರುವುದು ಕಡಿಮೆ. ರಾಬಿನ್ಸನ್‌ರನ್ನೂ ನಾವು ಪ್ರಶ್ನಾತೀತರೆಂದು ಭಾವಿಸಬೇಕಿಲ್ಲ. 1949ರಲ್ಲಿ ಅಮೆರಿಕದ ಸಂಸದೀಯ ಸಮಿತಿಯ ಮುಂದೆ ಅವರು ಗಾಯಕ ಪಾಲ್ ರೋಬ್ಸನ್‌ರ ವಿರುದ್ಧ ಮಾತಾಡಿದರು. 1963ರಲ್ಲಿ ಅವರಿಗೂ ಮಾಲ್ಕಂ ಎಕ್ಸ್‌ರಿಗೂ ಪತ್ರಿಕೆಯಲ್ಲಿ ಬಿರುಸಿನ ಜಟಾಪಟಿ ನಡೆಯಿತು. ಜೈಲಿನಲ್ಲಿ ರೇಡಿಯೋ ಹಿಡಿದು ಕೂತಿದ್ದ ಅಭಿಮಾನಿಯೇ ಬಿಳಿಯರ ಮಾತಿಗೆ ತಲೆಯಾಡಿಸುತ್ತೀರೆಂದು ಅವರನ್ನು ತರಾಟೆಗೆ ತೆಗೆದುಕೊಂಡಿದ್ದರು.

ಡಾಡ್ಜರ್ಸ್ 1916ರಿಂದ 1953ರವರೆಗೆ ಏಳು ಸಲ ವರ್ಲ್ಡ್ ಸೀರೀಸ್ ತಲುಪಿ ಏಳು ಸಲವೂ ಸೋತಿತು. ‘ಮುಂದಿನ ವರ್ಷ ನೋಡಿ’ ಎಂಬುದು ಬ್ರೂಕ್ಲಿನ್ನಿನವರ ನಿತ್ಯದ ಮಾತಾಗಿತ್ತು. ಆ ಮುಂದಿನ ವರ್ಷ ಬಂದದ್ದು 1955ರ ಅಕ್ಟೋಬರ್ 4ರಂದು. ಆದರೆ ಅಷ್ಟರಲ್ಲಿ ಒಡೆಯ ವಾಲ್ಟರ್ ಓಮ್ಯಾಲಿಯ ಕಣ್ಣು ಬೇರೆಡೆ ನೆಟ್ಟಿತ್ತು. ಬಿಳಿಯ ಮಧ್ಯಮ ವರ್ಗ ಉಪನಗರಗಳಿಗೆ ಹೋಗುತ್ತಿತ್ತು, ಕಾರಿನಲ್ಲಿ ಬರತೊಡಗಿತ್ತು. ಮೈದಾನದ ಬಳಿ ಸುಮಾರು 700 ಕಾರುಗಳಿಗಷ್ಟೇ ಜಾಗ. 1947ರಲ್ಲಿ 18 ಲಕ್ಷ ದಾಟಿದ್ದ ಪ್ರೇಕ್ಷಕರ ಸಂಖ್ಯೆ 1957ಕ್ಕೆ ಸುಮಾರು 10 ಲಕ್ಷಕ್ಕಿಳಿಯಿತು. ತಂಡ ನಷ್ಟದಲ್ಲೇನೂ ಇರಲಿಲ್ಲ; ಲಾಭ ಸಾಲದೆನಿಸಿತು. ಅಟ್ಲಾಂಟಿಕ್ ಮತ್ತು ಫ್ಲ್ಯಾಟ್‌ಬುಷ್ ರಸ್ತೆಗಳು ಕೂಡುವಲ್ಲಿ ಹೊಸ ಕ್ರೀಡಾಂಗಣಕ್ಕೆ ಸರ್ಕಾರವೇ ನೆಲ ವಶಪಡಿಸಿಕೊಡಲಿ ಎಂದು ಓಮ್ಯಾಲಿ ಕೇಳಿದ. ನಗರಯೋಜನೆಯನ್ನು ಕೈಯಲ್ಲಿಟ್ಟುಕೊಂಡಿದ್ದ ರಾಬರ್ಟ್ ಮೋಸೆಸ್ ಒಪ್ಪದೆ, ಕ್ವೀನ್ಸ್‌ನ ಫ್ಲಶಿಂಗ್ ಮೆಡೋಸ್ ತೋರಿಸಿದ. ಇಬ್ಬರಲ್ಲಿ ತಪ್ಪು ಯಾರದೆಂಬ ವಾದ ಇಂದಿಗೂ ಮುಗಿದಿಲ್ಲ. ಆ ಇಬ್ಬರ ಮಾತುಕತೆಯಲ್ಲಿ ಬ್ರೂಕ್ಲಿನ್ನಿನ ಜನಕ್ಕೆ ಕುರ್ಚಿಯೇ ಇರಲಿಲ್ಲವೆಂಬುದು ನಮಗೆ ಮುಖ್ಯವೆನಿಸುತ್ತದೆ.

1957ರ ಸೆಪ್ಟೆಂಬರ್ 24ರ ರಾತ್ರಿ ಅಲ್ಲಿ ಕೊನೆಯ ಪಂದ್ಯ ನಡೆಯಿತು. ಬಂದವರು 6,702 ಮಂದಿ. ಆರ್ಗನ್ ವಾದಕಿ ಗ್ಲಾಡಿಸ್ ಗುಡಿಂಗ್ ಬೀಳ್ಕೊಡುಗೆಯ ರಾಗಗಳನ್ನು ನುಡಿಸಿದರು. ಅಕ್ಟೋಬರ್ 8ರಂದು, ತಂಡ ಲಾಸ್ ಏಂಜಲೀಸ್‌ಗೆ ಹೋಗುತ್ತಿದೆ ಎಂಬ ಪ್ರಕಟಣೆ ಹೊರಬಿತ್ತು. ಆ ಊರಿನ ಚಾವೇಜ್ ರವೀನ್ ಕಣಿವೆಯಲ್ಲಿ ಮೆಕ್ಸಿಕನ್ ಮೂಲದ ಬಡವರ ಮೂರು ಕೇರಿಗಳಿದ್ದವು. ಸರ್ಕಾರಿ ವಸತಿ ಕಟ್ಟುತ್ತೇವೆಂದು ಹೇಳಿ ನಗರಾಡಳಿತ ಅವರನ್ನು ಎಬ್ಬಿಸಿತ್ತು. ವಸತಿ ಯೋಜನೆ ಕೈಬಿಟ್ಟ ಮೇಲೆ ನೆಲ ಡಾಡ್ಜರ್ಸ್ ಪಾಲಾಯಿತು. 1959ರ ಮೇ 8ರಂದು ಕೊನೆಗುಳಿದವರನ್ನು ಪೊಲೀಸರು ಮನೆಯಿಂದ ಎಳೆದು ಹೊರಹಾಕಿದರು. 1962ರಲ್ಲಿ ಹೊಸ ಸ್ಟೇಡಿಯಂ ತೆರೆಯಿತು.

ಎಬೆಟ್ಸ್ ಫೀಲ್ಡ್ ಕೆಡವುವ ಕೆಲಸ 1960ರ ಫೆಬ್ರವರಿ 23ರಂದು ಶುರುವಾಯಿತು. ಕೆಡವುವ ಕಬ್ಬಿಣದ ಗುಂಡಿಗೆ ಬೇಸ್‌ಬಾಲ್ ಚೆಂಡಿನಂತೆ ಬಣ್ಣ ಬಳಿದಿದ್ದರು. ಇಂಥ ರುಚಿಹೀನ ತಮಾಷೆ ಯಾರಿಗೆ ಹೊಳೆಯಿತೋ! ನೋಡಲು ಬಂದವರಲ್ಲಿ ತಂಡದ ಕಪ್ಪು ಕ್ಯಾಚರ್ ರಾಯ್ ಕ್ಯಾಂಪನೆಲ್ಲಾ ಇದ್ದರು. 1958ರ ಜನವರಿಯ ಕಾರು ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿ ಹಿಡಿದಿದ್ದ ಅವರ ಕೈಗೆ, ಅವರು ವರ್ಷಗಟ್ಟಲೆ ಕುಕ್ಕರಗಾಲಿನಲ್ಲಿ ಕೂತು ಆಡಿದ್ದ ಜಾಗದ ಮಣ್ಣನ್ನು ಒಂದು ಪಾತ್ರೆಯಲ್ಲಿ ತುಂಬಿ ಕೊಟ್ಟರು.

1997ರಲ್ಲಿ ರಾಬಿನ್ಸನ್‌ರ 42ನೇ ಸಂಖ್ಯೆಯ ಅಂಗಿಯನ್ನು ಎಲ್ಲ ತಂಡಗಳೂ ಅವರ ಗೌರವಾರ್ಥ ಕಾದಿರಿಸಿದವು. ಆ ಹಳೆಯ ದುಂಡು ಹಜಾರದ ನಕಲು 2009ರಲ್ಲಿ ಮತ್ತೊಂದು ತಂಡದ ಕ್ರೀಡಾಂಗಣದಲ್ಲಿ ಎದ್ದು ನಿಂತಿತು. ಅದೂ ಮೋಸೆಸ್ ಅಂದು ತೋರಿಸಿದ್ದ ಫ್ಲಶಿಂಗ್ ಮೆಡೋಸ್‌ನಲ್ಲೇ. ಮೂಲ ಜಾಗದಲ್ಲಿ 1962ರಿಂದ ಎತ್ತರದ ವಸತಿ ಕಟ್ಟಡಗಳಿವೆ, 1,300ಕ್ಕೂ ಹೆಚ್ಚು ಮನೆಗಳು. ಅವುಗಳ ಗೋಡೆಯ ಮೇಲೆ ‘ಇಲ್ಲಿ ಚೆಂಡಾಟ ಆಡಬಾರದು’ ಎಂಬ ಫಲಕವನ್ನು ತೂಗುಹಾಕಿದ್ದರು.