ಗೋವೈದ್ಯನ ಬಿರುದು ಮತ್ತು ಕಡೂರು ಸೀಮೆಯ ಕಾವಲುಗಳು

ಸೇನಾವೈದ್ಯರು ಆಯುಧ ಹಿಡಿದು ಕಾದಬೇಕೇ ಎಂಬ ಚರ್ಚೆಯಲ್ಲಿ ‘ಗೋವೈದ್ಯ’ದ ಕರ್ತೃ ಕೀರ್ತಿವರ್ಮನನ್ನು ಸಾಕ್ಷಿಗೆ ಕರೆಯುವುದುಂಟು. ಸುಮಾರು 1125ರ ಈ ಚಾಲುಕ್ಯ ರಾಜಕುಮಾರ ಆರನೆಯ ವಿಕ್ರಮಾದಿತ್ಯನ ಸೋದರ. ಅವನ ಬಿರುದುಗಳಲ್ಲಿ ‘ವೈರಿಕರಿಹರಿ’, ಎಂದರೆ ವೈರಿಗಳೆಂಬ ಆನೆಗಳಿಗೆ ಸಿಂಹ, ಎಂಬುದೊಂದು. ಇದರಿಂದ ಆತ ಯೋಧನೂ ಆಗಿದ್ದಿರಬೇಕೆಂದು ಆರ್. ನರಸಿಂಹಾಚಾರ್ಯರು ಊಹಿಸಿದರು. ಅವರ ಊಹೆ ಅಲ್ಲಿಗೇ ನಿಲ್ಲುತ್ತದೆ. ‘ಕನ್ನಡ ನಾಡಿನಲ್ಲಿ ವೈದ್ಯರೇ ಯುದ್ಧ ಮಾಡುತ್ತಿದ್ದರು’ ಎಂಬ ತೀರ್ಮಾನ ಅದಕ್ಕೆ ಅನಂತರ ಹೊರಿಸಿದ ಹೊರೆ. ಆಚಾರ್ಯರ ಹೆಸರಿನಲ್ಲಿ ಅದು ಚಲಾವಣೆಯಾಗುವುದು ಅನ್ಯಾಯ.

ಅರಸುಮಗನಿಗೆ ಶೌರ್ಯದ ಬಿರುದು ಹುಟ್ಟಿನಿಂದ ಬರುತ್ತದೆ, ವೈದ್ಯದಿಂದಲ್ಲ. ಅದೇ ಸಾಲಿನಲ್ಲಿ ‘ಸಮ್ಯಕ್ತ್ವರತ್ನಾಕರ’ ಎಂಬ ಜೈನ ಬಿರುದೂ ಇದೆ. ಧರ್ಮನಿಷ್ಠೆ, ಪರಾಕ್ರಮ, ವೈದ್ಯ ಮೂರೂ ಒಬ್ಬನಲ್ಲಿ ಕೂಡಿದ ಮಾತ್ರಕ್ಕೆ ಒಂದರ ಕೆಲಸ ಇನ್ನೊಂದರ ಅಂಗವಾಗುವುದಿಲ್ಲ. ಕೀರ್ತಿವರ್ಮ ಕಾದಿದ್ದರೆ ರಾಜಕುಮಾರನಾಗಿ ಕಾದಿರಬೇಕು. ಅದಕ್ಕಿಂತ ಮುಖ್ಯವಾದದ್ದನ್ನು ಈ ವಾದದವರು ಗಮನಿಸಿಯೇ ಇಲ್ಲ: ಅವನ ರೋಗಿ ದನ.

ದನದ ವೈದ್ಯಕ್ಕೂ ಯುದ್ಧಕ್ಕೂ ಇರುವ ನಂಟನ್ನು ಅರಿಯಲು ಚಾಲುಕ್ಯರ ಆಸ್ಥಾನಕ್ಕಿಂತ ಕಡೂರಿನ ಬಾಸೂರು, ತರೀಕೆರೆಯ ಲಿಂಗದಹಳ್ಳಿ, ಅಜ್ಜಂಪುರದ ಅಮೃತಮಹಲ್ ಕಾವಲುಗಳು ಹೆಚ್ಚು ನೆರವಾಗುತ್ತವೆ. (ಇವುಗಳನ್ನು ಪಶುಪಾಲನಾ ಇಲಾಖೆಯ ಹುಲ್ಲುಗಾವಲೆಂದಷ್ಟೇ ಕಾಣುವವರಿಗೆ ಸೇನಾ ಇತಿಹಾಸ ತಿಳಿಯದು.) ಚಿಕ್ಕದೇವರಾಜ ಒಡೆಯರ ‘ಬೆಣ್ಣೆ ಚಾವಡಿ’ ಎಂಬ ಅರಮನೆಯ ದನಗಳ ಇಲಾಖೆಗೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟು ಹುಕುಂನಾಮೆ ಹೊರಡಿಸಿದ. ಹೆಸರಿನಲ್ಲಿ ಹಾಲುಬೆಣ್ಣೆ ಉಳಿದರೂ ಈ ತಳಿಗೆ ಬೆಲೆ ಬಂದದ್ದು ಪಿರಂಗಿ ಎಳೆಯುವ ಎತ್ತಿನಿಂದ. ಬಿದನೂರನ್ನು ಮರಳಿ ಪಡೆಯಲು ಟಿಪ್ಪು ಒಂದೇ ತಿಂಗಳಲ್ಲಿ ಪರ್ಯಾಯದ್ವೀಪ ದಾಟಿದ್ದು, ಜನರಲ್ ಮೆಡೋಸ್‌ನೆದುರು ಎರಡು ದಿನದಲ್ಲಿ 63 ಮೈಲಿ ನಡೆದದ್ದು ಈ ಎತ್ತುಗಳ ಬಲದಿಂದಲೇ ಎಂದು ಬಿ.ಎಲ್. ರೈಸರ ಗ್ಯಾಸೆಟಿಯರು ದಾಖಲಿಸುತ್ತದೆ. 1799ರ ಬಳಿಕ ಕಂಪನಿಯೂ ಇವನ್ನು ಬಿಡಲಿಲ್ಲ. 1813ರಲ್ಲಿ ಕ್ಯಾಪ್ಟನ್ ಹಾರ್ವೆಯ ಕೈಗೆ ಕೊಟ್ಟಿತು. 1860ರಲ್ಲಿ ಮಂದೆಗಳನ್ನು ಮಾರಿ, 1866ರಲ್ಲಿ ಮತ್ತೆ ಕಟ್ಟಬೇಕಾಯಿತು. ಇಂಥ ಎತ್ತಿನ ಗೊರಸಿಗೆ ಮದ್ದು ಮಾಡಿದರೆ ಪಿರಂಗಿ ಮುಂದೆ ಹೋಗುತ್ತದೆ. ಗಾಯಾಳು ಸಿಪಾಯಿಯ ಚಿಕಿತ್ಸೆ ಆ ಬಗೆಯದಲ್ಲ. ಅದು ಶತ್ರುವಿನ ಗಾಯಾಳುವಿಗೂ ಸಲ್ಲಬೇಕು.

1949ರ ಮೊದಲನೆಯ ಜಿನೀವಾ ಒಪ್ಪಂದ ಈ ಭೇದವನ್ನು ಕಂಡಿದೆ. ವೈದ್ಯಕೀಯ ಸಿಬ್ಬಂದಿ ತಮ್ಮನ್ನೂ ರೋಗಿಗಳನ್ನೂ ಕಾಪಾಡಿಕೊಳ್ಳಲು ಆಯುಧ ಇಟ್ಟುಕೊಂಡ ಮಾತ್ರಕ್ಕೆ ಚಿಕಿತ್ಸಾ ಘಟಕದ ರಕ್ಷಣೆ ಹೋಗದು ಎನ್ನುತ್ತದೆ 22ನೆಯ ವಿಧಿ. ಪಶುವೈದ್ಯ ಸೇವೆಯವರು ಘಟಕದ ಭಾಗವಾಗಿರದೆ ಅಲ್ಲಿ ಕಂಡುಬಂದರೂ ರಕ್ಷಣೆ ಉಳಿಯುತ್ತದೆ ಎಂದೂ ಅದೇ ವಿಧಿಯಲ್ಲಿದೆ. ಎಂದರೆ ಪಶುವೈದ್ಯರನ್ನು ಅದು ಹೊರಗಿನವರೆಂದೇ ಎಣಿಸುತ್ತದೆ. ಆದ್ದರಿಂದ ಗೋವೈದ್ಯನ ಉದಾಹರಣೆಯನ್ನು ಮನುಷ್ಯರ ವೈದ್ಯನಿಗೆ ಹೊಂದಿಸುವುದು ಮೊದಲ ಹೆಜ್ಜೆಯಲ್ಲೇ ತಪ್ಪು. ಆತ್ಮರಕ್ಷಣೆಯ ಆಯುಧವನ್ನು ನಾನು ಒಪ್ಪುತ್ತೇನೆ. ದಾಳಿಗೆ ವೈದ್ಯನನ್ನು ಕಳಿಸುವುದನ್ನು ಒಪ್ಪಲಾರೆ, ಏಕೆಂದರೆ ಆತನ ರಕ್ಷಣೆ ನಿಂತಿರುವುದೇ ಚಿಕಿತ್ಸೆಯ ಹೊರತು ಬೇರೆ ಕೆಲಸ ಮಾಡನೆಂಬ ನಂಬಿಕೆಯ ಮೇಲೆ.

ಮನುಷ್ಯರ ಚಿಕಿತ್ಸೆಗೆ ಶಾಸನಾಧಾರ ಬೇಕಾದವರಿಗೆ ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನವಿದೆ; ಅನಾಥ ರೋಗಿಗಳಿಗೆ ಮದ್ದು ಕೊಡುವ ಸ್ಥಾನವೆಂದು ಅದು ಮಠವನ್ನು ಕೊಂಡಾಡುತ್ತದೆ. ಚರ್ಚೆ ಅಲ್ಲಿಂದ ಶುರುವಾಗಲಿ. ಕೀರ್ತಿವರ್ಮನನ್ನು ಪಶುವೈದ್ಯದ ಚರಿತ್ರೆಗೆ ಬಿಟ್ಟುಕೊಡಲಿ.