ಇನ್ನೊಂದು ಮರಣಶಾಸನ

ನಮ್ಮ ಕಡೆಯವರು ಮರಣಶಾಸನ ಬರೆಸುವುದರಲ್ಲಿ ಹಿಂದೆ ಬಿದ್ದವರಲ್ಲ. ಅಳಿಯಕಟ್ಟಿನ ಮನೆಗಳಲ್ಲಿ ಕುಟುಂಬ, ಕವರು, ಪಾಲು ಎಂದು ಕೋರ್ಟಿಗೆ ಅಲೆದವರ ಕತೆಗಳು ಕಲ್ಯಾಣಪುರದ ಸುತ್ತಮುತ್ತ ಬೇಕಾದಷ್ಟಿವೆ. ಕವರಿನ ಆಸ್ತಿಯಲ್ಲಿ ತನಗಿರುವ ಹಕ್ಕನ್ನು ಹೆಣ್ಣಾಗಲಿ ಗಂಡಾಗಲಿ ಉಯಿಲಿನ ಮೂಲಕ ಕೊಡಬಹುದೆಂದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 30ನೇ ಕಲಮು ಸ್ಪಷ್ಟವಾಗಿ ಹೇಳಿತು. ಗದ್ದೆ ಯಾರಿಗೆ, ತೆಂಗಿನ ತೋಟ ಯಾರಿಗೆ ಎಂದು ಬರೆದಿಡುವ ನಾವು, ಕೊನೆಗಾಲದಲ್ಲಿ ಈ ದೇಹಕ್ಕೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮಾತ್ರ ಬರೆದಿಡುವುದಿಲ್ಲ.

ಹಿಂದಿನವರಿಗೆ ಅದರ ಅಗತ್ಯವೂ ಇರಲಿಲ್ಲವೆನ್ನಿ. ಚಾವಡಿಯಲ್ಲಿ ಚಾಪೆ ಹಾಸಿ ಮಲಗಿಸಿ, ಬಾಯಿಗೆ ತುಳಸಿನೀರು ಬಿಟ್ಟರೆ ಮುಗಿಯಿತು. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ತೆರೆದ ಮೇಲೆ ದೊಡ್ಡ ವೈದ್ಯ ನಮ್ಮ ಮನೆಬಾಗಿಲಿಗೇ ಬಂದಂತಾಯಿತು. ಅದರಿಂದ ಉಳಿದ ಜೀವಗಳೆಷ್ಟೋ. ಆದರೆ ಉಸಿರಾಟದ ಯಂತ್ರ, ಮೂಗಿನ ನಳಿಗೆ, ಡಯಾಲಿಸಿಸ್ ಬಂದಮೇಲೆ ಹೊಸ ಪ್ರಶ್ನೆಯೂ ಬಂತು. ಗುಣವಾಗುವ ಆಸೆಯೇ ಇಲ್ಲದಾಗ ಎಲ್ಲಿಯವರೆಗೆ? ಅದನ್ನು ಹೇಳುವವರು ಯಾರು?

ನಮ್ಮ ಸಂತೆಕಟ್ಟೆಯನ್ನು ಹಾಯುವ ಹೆದ್ದಾರಿಯಲ್ಲೇ ಉತ್ತರಕ್ಕೆ ಹೋದರೆ, ಹೊನ್ನಾವರ ದಾಟಿದ ಮೇಲೆ ಹಳದೀಪುರ ಸಿಗುತ್ತದೆ. ಈ ಪ್ರಶ್ನೆಯನ್ನು ದೇಶದ ಮುಂದಿಟ್ಟ ಅರುಣಾ ಶಾನಭಾಗ್ ಆ ಊರಿನವರು. ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅವರ ಮೇಲೆ 1973ರ ನವೆಂಬರ್ 27ರಂದು ಅಲ್ಲಿನ ಒಬ್ಬ ಕೆಲಸಗಾರ ಅತ್ಯಾಚಾರವೆಸಗಿ, ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದ. ಮಿದುಳಿಗೆ ಪ್ರಾಣವಾಯು ಇಲ್ಲದಾಗಿ ಅವರು ಮತ್ತೆ ಏಳಲಿಲ್ಲ. ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಬೇಕೆಂದು ಲೇಖಕಿ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. 2011ರ ಮಾರ್ಚ್ 7ರ ತೀರ್ಪು ಬಹುಮಟ್ಟಿಗೆ ಒಂದೇ ಮಾತಿನ ಮೇಲೆ ನಿಂತಿತು: ಅರುಣಾ ಪರವಾಗಿ ಮಾತನಾಡುವ ಹಕ್ಕು ಯಾರದು? ಇಷ್ಟು ವರ್ಷ ಸಾಕಿದ ಆಸ್ಪತ್ರೆಯವರದು ಎಂದಿತು ನ್ಯಾಯಾಲಯ. ಅವರಿಗೆ ಅರುಣಾ ಬದುಕಿರಬೇಕಿತ್ತು, ಅರ್ಜಿ ಬಿದ್ದುಹೋಯಿತು. ಆದರೆ ಇಂಥ ರೋಗಿಗಳ ಜೀವರಕ್ಷಕ ಚಿಕಿತ್ಸೆಯನ್ನು ಹೈಕೋರ್ಟಿನ ಅನುಮತಿ ಪಡೆದು ನಿಲ್ಲಿಸಬಹುದೆಂದು ಅದೇ ತೀರ್ಪು ದಾರಿ ತೆರೆಯಿತು. ಅರುಣಾ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು.

ಆ ದಾದಿಯರ ಸೇವೆಗೆ ಕೈಮುಗಿಯಲೇಬೇಕು. ಆದರೆ ಆ ಮೊಕದ್ದಮೆಯಲ್ಲಿ ಎಲ್ಲರ ದನಿಯೂ ಇತ್ತು, ಅರುಣಾ ಅವರದೊಂದನ್ನು ಬಿಟ್ಟು. ಪ್ರಾಯದ ಹುಡುಗಿಯನ್ನು ಇಂಥದ್ದನ್ನು ಕೇಳಿಟ್ಟುಕೊಳ್ಳುವವರಾದರೂ ಯಾರು?

ಕೆಲವು ವರ್ಷಗಳ ಹಿಂದೆ ನನ್ನ ತಾಯಿ ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡಾಗ, ಐಸಿಯುವಿನ ಹೊರಗೆ ಕುಳಿತ ನಾವು ಮೂವರು ಮಕ್ಕಳು ಮೂರು ಮಾತು ಆಡಿದೆವು. ಅಣ್ಣನಿಗೆ ಎಲ್ಲ ಚಿಕಿತ್ಸೆಯೂ ಆಗಬೇಕು. ತಂಗಿಗೆ ಅಮ್ಮನನ್ನು ಮನೆಗೆ ಕರೆದೊಯ್ಯಬೇಕು. ನನಗೆ ಅಮ್ಮನನ್ನೇ ಒಮ್ಮೆ ಕೇಳಬೇಕಿತ್ತು. ಮೂವರದೂ ಪ್ರೀತಿಯೇ. ಆದರೂ ಅಂದು ಮುರಿದ ಮಾತು ಅಣ್ಣ-ತಂಗಿಯರ ನಡುವೆ ಇನ್ನೂ ಪೂರ್ತಿ ಕೂಡಿಲ್ಲ.

ಆಸ್ತಿಯ ಉಯಿಲಿನಂತೆ ಚಿಕಿತ್ಸೆಯ ಉಯಿಲಿಗೂ ಈಗ ಬೆಲೆಯುಂಟು. ಘನತೆಯಿಂದ ಸಾಯುವುದೂ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲೇ ಸೇರಿದೆ ಎಂದು 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಹೇಳಿದರು. ಆಗ ಈ ಪತ್ರಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರ ಜನವರಿಯಲ್ಲಿ ನಿಯಮ ಸಡಿಲವಾಯಿತು. ಇಬ್ಬರು ಸಾಕ್ಷಿಗಳ ಎದುರು ರುಜು ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. 2025ರ ಜನವರಿ 30ರಂದು ನಮ್ಮ ರಾಜ್ಯದ ಆರೋಗ್ಯ ಇಲಾಖೆ ಇದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ತನ್ನ ಪರವಾಗಿ ನಿರ್ಧರಿಸಲು ಕನಿಷ್ಠ ಇಬ್ಬರನ್ನು ಹೆಸರಿಸಬೇಕೆಂದು ಅದರಲ್ಲಿದೆ.

ಇದು ಸಾವನ್ನು ಬೇಡುವ ಕಾಗದವಲ್ಲ. ಚುಚ್ಚುಮದ್ದು ಕೊಟ್ಟು ಸಾಯಿಸುವುದು ನಮ್ಮ ದೇಶದಲ್ಲಿ ಇಂದಿಗೂ ಅಪರಾಧ. ಬರೆದಾತ ಸ್ವತಃ ಹೇಳಬಲ್ಲಷ್ಟು ದಿನ ಅವನ ಬಾಯಿಮಾತೇ ನಡೆಯುತ್ತದೆ. ಬರೆದದ್ದನ್ನು ಯಾವಾಗ ಬೇಕಾದರೂ ಬದಲಿಸಬಹುದು. ಮಾತು ನಿಂತು, ರೋಗ ಗುಣವಾಗದೆಂದಾದಾಗ ಮಾತ್ರ ಕಾಗದ ಮಾತನಾಡುತ್ತದೆ. ಆಗಲೂ ಎರಡು ವೈದ್ಯ ಮಂಡಳಿಗಳು ಒಂದರ ಮೇಲೊಂದು ನೋಡಿ ಒಪ್ಪಬೇಕು. ಯಂತ್ರ ತೆಗೆದರೂ ನೋವಿಗೆ ಮದ್ದು, ಆರೈಕೆ ನಿಲ್ಲುವುದಿಲ್ಲ.

ಶಾಲೆಯಲ್ಲಿ ಸಮಾಜ ಪಾಠ ಹೇಳುವಾಗ 21ನೇ ವಿಧಿಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇನೆ. ನನ್ನ ಕಾಗದವನ್ನೂ ಬರೆಯಲು ಕುಳಿತಾಗ ಕಷ್ಟವಾದದ್ದು ಕಾನೂನಿನ ಭಾಷೆಯಲ್ಲ, ಆ ಎರಡು ಹೆಸರುಗಳು. ನನ್ನನ್ನು ಹೆಚ್ಚು ಪ್ರೀತಿಸುವವರನ್ನು ಬರೆಯಲೇ, ನಾನು ಬೇಡವೆಂದದ್ದನ್ನು ಬೇಡವೆನ್ನುವ ಧೈರ್ಯ ಇರುವವರನ್ನು ಬರೆಯಲೇ? ಕೊನೆಗೆ ತಂಗಿಯ ಹೆಸರು ಬರೆದೆ, ಅದರ ಕೆಳಗೆ ಅಣ್ಣನದು. ಇಬ್ಬರೂ ಒಟ್ಟಿಗೆ ಕೂತು ಅದನ್ನು ಓದಬೇಕೆಂದು ಹೇಳಿ ಕಳುಹಿಸಿದ್ದೇನೆ.