ಸಿ.ಐ.ಡಿ. 999 ಸರಣಿ: ನಾಲ್ಕರಲ್ಲಿ ಯಾವುದನ್ನು ಮೊದಲು ನೋಡಬೇಕು?

ತುಮಕೂರು: ದೀರ್ಘಕಾಲ ನಡೆದುಬಂದ ಚಿತ್ರ ಸರಣಿಯೊಂದನ್ನು ಎಲ್ಲಿಂದ ನೋಡಲು ತೊಡಗಬೇಕೆಂಬುದು ಸಿನಿಪ್ರಿಯರ ಹಳೆಯ ಚರ್ಚೆ. ಹಾಲಿವುಡ್‌ನ ವೈಜ್ಞಾನಿಕ ಕಲ್ಪನೆಯ ಸರಣಿ ‘ಸ್ಟಾರ್ ವಾರ್ಸ್’ ಇದಕ್ಕೆ ಪ್ರಸಿದ್ಧ ನಿದರ್ಶನ. 1977, 1980 ಮತ್ತು 1983ರಲ್ಲಿ ತೆರೆಕಂಡ ಅದರ ಮೂರು ಚಿತ್ರಗಳು ಕಥೆಯ ಲೆಕ್ಕದಲ್ಲಿ ನಾಲ್ಕು, ಐದು ಮತ್ತು ಆರನೆಯ ಅಧ್ಯಾಯಗಳು. ಮೊದಲ ಮೂರು ಅಧ್ಯಾಯಗಳು ಬಂದದ್ದು 1999, 2002 ಮತ್ತು 2005ರಲ್ಲಿ. ನಾಯಕನ ತಂದೆ ಯಾರೆಂಬ ರಹಸ್ಯವು ಬಿಡುಗಡೆಯ ಕ್ರಮದಲ್ಲಿ ನೋಡುವವರನ್ನು ಬೆಚ್ಚಿಬೀಳಿಸುತ್ತದೆ. ಕಥೆಯ ಕ್ರಮದಲ್ಲಿ ನೋಡುವವರಿಗೆ ಅದು ಮೊದಲೇ ತಿಳಿದುಬಿಟ್ಟಿರುತ್ತದೆ.

ಕನ್ನಡದಲ್ಲಿ ಯಂತ್ರಮಾನವನ ಕಥೆಯುಳ್ಳ ‘ಹಾಲಿವುಡ್’ (2002) ಚಿತ್ರದಂಥ ಪ್ರಯತ್ನಗಳು ನಡೆದವಾದರೂ ಅವು ಸರಣಿಯಾಗಿ ಬೆಳೆಯಲಿಲ್ಲ. ಒಬ್ಬನೇ ನಾಯಕ, ಒಬ್ಬನೇ ನಟ, ಒಂದೇ ನಿರ್ದೇಶಕ ಜೋಡಿ ಎಂಬ ಅರ್ಥದಲ್ಲಿ ಸರಣಿ ಎನ್ನಬಹುದಾದದ್ದು ವರನಟ ಡಾ. ರಾಜ್‌ಕುಮಾರ್ ಅಭಿನಯದ ಸಿ.ಐ.ಡಿ. 999 ಚಿತ್ರಗಳು. ಇವು ಪತ್ತೇದಾರಿ ಚಿತ್ರಗಳೇ ಹೌದು. ಆದರೆ ಸರಣಿ ಆರಂಭವಾಗುವುದು ವಿಜ್ಞಾನಿಯೊಬ್ಬನ ಅಸಾಧ್ಯ ಸಂಶೋಧನೆಯಿಂದ.

ಸರಣಿಯ ಹಿನ್ನೆಲೆ

1962ರಲ್ಲಿ ‘ಡಾ. ನೋ’ ಚಿತ್ರದೊಂದಿಗೆ ಬೆಳ್ಳಿತೆರೆಗೆ ಬಂದ ಜೇಮ್ಸ್ ಬಾಂಡ್‌ನ ಪ್ರಭಾವ ಭಾರತಕ್ಕೆ ಹಬ್ಬಲು ತಡವಾಗಲಿಲ್ಲ. ತೆಲುಗಿನಲ್ಲಿ ಕೃಷ್ಣ ಅಭಿನಯದ ‘ಗೂಢಚಾರಿ 116’ (1966), ಹಿಂದಿಯಲ್ಲಿ ಜಿತೇಂದ್ರ ಅಭಿನಯದ ‘ಫರ್ಜ್’ (1967) ತೆರೆಕಂಡವು. ಅವುಗಳ ಬೆನ್ನಿಗೇ ಕನ್ನಡದ ಗೂಢಚಾರ ಪ್ರಕಾಶ್, ಅಂದರೆ ಸಿ.ಐ.ಡಿ. 999, ಹುಟ್ಟಿಕೊಂಡ. ಬಿ. ದೊರೈರಾಜ್ ಮತ್ತು ಎಸ್.ಕೆ. ಭಗವಾನ್ ಅವರ ‘ದೊರೈ-ಭಗವಾನ್’ ಜೋಡಿ ನಾಲ್ಕೂ ಚಿತ್ರಗಳನ್ನು ನಿರ್ದೇಶಿಸಿತು; ಸಂಗೀತ ಜಿ.ಕೆ. ವೆಂಕಟೇಶ್ ಅವರದು.

ನಾಲ್ಕು ಚಿತ್ರಗಳು

1. ಜೇಡರ ಬಲೆ (1968): ಯಾವುದೇ ಲೋಹವನ್ನು ಚಿನ್ನವಾಗಿ ಪರಿವರ್ತಿಸುವ ಸೂತ್ರವೊಂದರ ಸುತ್ತ ಕಥೆ ಸುತ್ತುತ್ತದೆ. ಚೀನಾ ಯುದ್ಧದ ತರುವಾಯ 1963ರಲ್ಲಿ ಚಿನ್ನ ನಿಯಂತ್ರಣ ನಿಯಮಗಳನ್ನು ತಂದಿದ್ದ ಕೇಂದ್ರ ಸರಕಾರ, ಚಿತ್ರ ಬಿಡುಗಡೆಯಾದ 1968ರಲ್ಲೇ ಪ್ರತ್ಯೇಕ ಕಾಯಿದೆಯನ್ನೂ ಜಾರಿಗೊಳಿಸಿತು. ಚಿನ್ನದ ಗಟ್ಟಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧವಾಗಿದ್ದ ಕಾಲದ ಪ್ರೇಕ್ಷಕನಿಗೆ ಇಂಥ ಸೂತ್ರ ಎಷ್ಟು ದೊಡ್ಡ ಕನಸಾಗಿಯೂ ಅಪಾಯವಾಗಿಯೂ ತೋರಿದ್ದೀತೆಂಬುದನ್ನು ಊಹಿಸಬಹುದು. ಜಯಂತಿ ನಾಯಕಿ.

2. ಗೋವಾದಲ್ಲಿ ಸಿ.ಐ.ಡಿ. 999 (1968): ಅದೇ ವರ್ಷ ತೆರೆಕಂಡ ಎರಡನೆಯ ಚಿತ್ರ. ಗೋವಾ ಪೋರ್ಚುಗೀಸರ ಆಳ್ವಿಕೆಯಿಂದ ಬಿಡುಗಡೆಗೊಂಡದ್ದು 1961ರ ಡಿಸೆಂಬರ್‌ನಲ್ಲಿ. ಅಂದಿನ ಕನ್ನಡ ಪ್ರೇಕ್ಷಕರಿಗೆ ಗೋವಾ ಪಕ್ಕದಲ್ಲೇ ಇದ್ದ ಪರದೇಶದಂತಿತ್ತು. ನಟಿ ಲಕ್ಷ್ಮಿ ಈ ಚಿತ್ರದ ಮೂಲಕ ಕನ್ನಡಕ್ಕೆ ಬಂದರು.

3. ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999 (1969): ಮುಂದೆ ಹಿಂದಿ ಚಿತ್ರರಂಗದ ದೊಡ್ಡ ತಾರೆಯಾದ ರೇಖಾ, ನಾಯಕಿಯಾಗಿ ಮೊದಲು ಕಾಣಿಸಿಕೊಂಡದ್ದು ಈ ಕನ್ನಡ ಚಿತ್ರದಲ್ಲಿ.

4. ಆಪರೇಷನ್ ಡೈಮಂಡ್ ರಾಕೆಟ್ (1978): ಒಂಬತ್ತು ವರ್ಷಗಳ ಬಿಡುವಿನ ನಂತರ ಬಂದ ವರ್ಣಚಿತ್ರ. ಪದ್ಮಪ್ರಿಯಾ ನಾಯಕಿ. ಚಿತ್ರೀಕರಣ ನೇಪಾಳದವರೆಗೂ ಸಾಗಿತು. ರಾಜ್‌ಕುಮಾರ್ ಹಾಡಿದ ಇಂಗ್ಲಿಷ್ ಗೀತೆ ಈ ಚಿತ್ರದ ದೊಡ್ಡ ಆಕರ್ಷಣೆ.

ತುಮಕೂರಿನ ನಂಟು

ತುಮಕೂರಿನ ಉಪ್ಪಾರಹಳ್ಳಿಯಿಂದ ಸುಮಾರು 20 ಕಿ.ಮೀ. ದೂರದ ಗುಬ್ಬಿಯ ಹೆಸರು ಹೊತ್ತ ನಾಟಕ ಕಂಪನಿಯಲ್ಲೇ ರಾಜ್‌ಕುಮಾರ್ ಪಳಗಿದ್ದು. ಗುಬ್ಬಿ ವೀರಣ್ಣನವರ ಬಳಗದ ಚಿತ್ರಸಂಸ್ಥೆ ಸಿದ್ಧಪಡಿಸಿದ ‘ಬೇಡರ ಕಣ್ಣಪ್ಪ’ (1954) ಅವರನ್ನು ನಾಯಕನನ್ನಾಗಿಸಿತು. ಅದೇ ಚಿತ್ರದಿಂದ ತೆರೆಗೆ ಬಂದ ಮತ್ತೊಬ್ಬರು ಇದೇ ಜಿಲ್ಲೆಯ ತಿಪಟೂರಿನ ನರಸಿಂಹರಾಜು. ‘ಜೇಡರ ಬಲೆ’ಯಲ್ಲಿ ಗೂಢಚಾರನ ಜೊತೆಗೆ ನಗೆಯ ಹೊಣೆ ಹೊತ್ತವರೂ ಅವರೇ. ಕಣ್ಣಪ್ಪನಾಗಿ ಶಿವನಿಗೆ ಕಣ್ಣು ಕೊಟ್ಟ ನಟ ಹದಿನಾಲ್ಕು ವರ್ಷಗಳ ನಂತರ ಸೂಟು ತೊಟ್ಟು ಪಿಸ್ತೂಲು ಹಿಡಿದದ್ದು, ವೃತ್ತಿರಂಗಭೂಮಿಯಲ್ಲಿ ಬೆಳೆದ ಕಲಾವಿದರು ಹೊಸ ಕಾಲಕ್ಕೆ ಒಗ್ಗಿಕೊಂಡ ಬಗೆಯನ್ನು ತೋರಿಸುತ್ತದೆ.

ಕ್ರಮವೇಕೆ ಮುಖ್ಯ?

‘ಸ್ಟಾರ್ ವಾರ್ಸ್’ನಂತೆ ಇಲ್ಲಿ ಒಂದು ಚಿತ್ರದ ಕಥೆ ಇನ್ನೊಂದಕ್ಕೆ ಮುಂದುವರಿಯುವುದಿಲ್ಲ. ಯಾವುದನ್ನು ಮೊದಲು ನೋಡಿದರೂ ಕಥೆ ಅರ್ಥವಾಗುತ್ತದೆ. ಹಾಗಿದ್ದರೆ ಕ್ರಮದ ಹಂಗೇಕೆ?

ಇತ್ತೀಚಿನ ವರ್ಷಗಳಲ್ಲಿ ಯುವ ಪ್ರೇಕ್ಷಕರಲ್ಲಿ ಅನೇಕರು ಈ ಸರಣಿಯನ್ನು ಪರಿಚಯಿಸಿಕೊಳ್ಳುತ್ತಿರುವುದು ಮೊಬೈಲಿನಲ್ಲಿ ಕೇಳಿದ ಆ ಇಂಗ್ಲಿಷ್ ಗೀತೆಯಿಂದ. ಅಂದರೆ ಅವರು ಕೊನೆಯಿಂದ ಆರಂಭಿಸುತ್ತಾರೆ. ಬಣ್ಣದ ಚಿತ್ರ ನೋಡಿದ ಮೇಲೆ ಹಿಂದಿನ ಮೂರು ಕಪ್ಪು-ಬಿಳುಪಿನ ಚಿತ್ರಗಳು ಸಪ್ಪೆಯೆನಿಸಿ ಅಲ್ಲಿಯೇ ನಿಂತುಬಿಡುವುದು ಸುಲಭ. ಹಾಗೆ ನಿಂತವರು ಸರಣಿಯ ಮುಖ್ಯ ಕಥೆಯನ್ನೇ ಕಳೆದುಕೊಳ್ಳುತ್ತಾರೆ. ಏಕೆಂದರೆ ಇಲ್ಲಿ ಬೆಳೆಯುವುದು ಪ್ರಕಾಶನ ಕಥೆಯಲ್ಲ, ಕನ್ನಡ ಚಿತ್ರರಂಗದ ಕಥೆ.

ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ 1964ರಲ್ಲೇ ಬಂದಿದ್ದರೂ, ಬಣ್ಣದ ಫಿಲ್ಮು ದುಬಾರಿಯಾಗಿದ್ದ ಕಾರಣ ಆ ದಶಕದ ಹೆಚ್ಚಿನ ಚಿತ್ರಗಳು ಕಪ್ಪು-ಬಿಳುಪಿನಲ್ಲೇ ಸಿದ್ಧವಾದವು. ಆ ಇತಿಮಿತಿಯಲ್ಲಿ ನೆರಳು ಬೆಳಕುಗಳಿಂದಲೇ ರಹಸ್ಯವನ್ನು ಕಟ್ಟಬೇಕಿತ್ತು. ಮೊದಲ ಮೂರು ಚಿತ್ರಗಳ ಕಾಲದಲ್ಲಿ ರಾಜ್‌ಕುಮಾರ್ ಅವರ ಗಾನಧ್ವನಿಯೆಂದರೆ ಪಿ.ಬಿ. ಶ್ರೀನಿವಾಸ್. 1974ರ ‘ಸಂಪತ್ತಿಗೆ ಸವಾಲ್’ ನಂತರ ನಾಯಕನೇ ಗಾಯಕನೂ ಆದರು. ಆ ಬದಲಾವಣೆಯನ್ನು ಅರಿತವರಿಗಷ್ಟೇ 1978ರ ಇಂಗ್ಲಿಷ್ ಗೀತೆಯ ಬೆರಗು ಪೂರ್ಣವಾಗಿ ತಟ್ಟೀತು. ಮೊದಲ ಚಿತ್ರದಲ್ಲಿ 39ರ ಆಸುಪಾಸಿನಲ್ಲಿದ್ದ ನಟ, ಕೊನೆಯದರಲ್ಲಿ ಐವತ್ತರ ಹೊಸ್ತಿಲಲ್ಲಿದ್ದರು.

ನಡುವಿನ ಒಂಬತ್ತು ವರ್ಷಗಳಲ್ಲಿ ಇದೇ ನಿರ್ದೇಶಕರು ಇದೇ ನಟನೊಂದಿಗೆ ‘ಕಸ್ತೂರಿ ನಿವಾಸ’ (1971), ‘ಎರಡು ಕನಸು’ (1974) ಚಿತ್ರಗಳನ್ನು ನೀಡಿದರು. ಸರಣಿಯ ಮೂರನೆಯ ಹಾಗೂ ನಾಲ್ಕನೆಯ ಚಿತ್ರಗಳ ನಡುವೆ ಈ ಎರಡನ್ನೂ ನೋಡಿಕೊಂಡರೆ, ಗೂಢಚಾರ ಮರಳಿ ಬರುವ ವೇಳೆಗೆ ಎಲ್ಲರೂ ಎಷ್ಟು ಮಾಗಿದ್ದರೆಂಬುದು ತಿಳಿಯುತ್ತದೆ.

ಹಳೆಯ ಫಿಲ್ಮು ಕಾಲಕ್ರಮೇಣ ಹಾಳಾಗುವ ವಸ್ತು. ಬೇಡಿಕೆಯಿರುವ ಚಿತ್ರಗಳಿಗೆ ಮರುಜೀವ ಸಿಗುತ್ತದೆ: ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ತೊಟ್ಟು ಮರುಬಿಡುಗಡೆಯಾಯಿತು. ಪ್ರೇಕ್ಷಕರೇ ಕೇಳದ ಚಿತ್ರಕ್ಕೆ ಹಣ ಹೂಡುವವರು ವಿರಳ. ರಾಜ್‌ಕುಮಾರ್ (2006), ಜಯಂತಿ (2021), ಭಗವಾನ್ (2023) ಒಬ್ಬೊಬ್ಬರಾಗಿ ಅಗಲಿರುವಾಗ, ಅವರ ಆ ಕಾಲದ ಕೆಲಸಕ್ಕೆ ಸಾಕ್ಷಿಯಾಗಿ ಉಳಿದಿರುವುದು ಈ ರೀಲುಗಳೇ. ಆದ್ದರಿಂದ ಸರಣಿಯನ್ನು ಹೊಸದಾಗಿ ನೋಡುವವರು ಬಿಡುಗಡೆಯ ಕ್ರಮವನ್ನೇ ಅನುಸರಿಸುವುದು ಒಳಿತು: ಮೊದಲು ‘ಜೇಡರ ಬಲೆ’, ಕಡೆಗೆ ‘ಡೈಮಂಡ್ ರಾಕೆಟ್’.